ಭಾವನ ಕಾರಿನ ಕಾಯಿಲೆ

ನಮ್ಮ ಭಾವ ಮೂವತ್ತೊಂದು ವರ್ಷ ಆಂಬುಲೆನ್ಸ್ ಓಡಿಸಿದವರು. ನಿವೃತ್ತಿಯಾಗಿ ಎರಡು ವರ್ಷ ಕಳೆದರೂ ಆ ಸುದ್ದಿ ಅವರ ಬಲಗಾಲಿಗಿನ್ನೂ ಮುಟ್ಟಿರಲಿಲ್ಲ. ಚಳಿಗಾಲದಲ್ಲಿ ಕಡಲ ದಂಡೆಯುದ್ದಕ್ಕೂ ಆರಾಮವಾಗಿ ಸುತ್ತಿ ಬರೋಣವೆಂದು ಅಕ್ಕ ದುಂಬಾಲು ಬಿದ್ದು ಹೊರಡಿಸಿದ್ದಳು; ಜೊತೆಗೆ ನನ್ನನ್ನೂ ಎಳೆದುಕೊಂಡಿದ್ದಳು. ಮೊದಲ ಒಂದು ಗಂಟೆಯಲ್ಲಿ ನಾವು ಕಂಡ ಸಮುದ್ರವೆಂದರೆ ಕಿಟಕಿಯಾಚೆ ಓಡುತ್ತಿದ್ದ ಒಂದು ನೀಲಿ ಪಟ್ಟಿ. ನಿಲ್ಲಿಸಿ ಎಂದಾಗಲೆಲ್ಲ, ಮುಂದೆ ಇದಕ್ಕಿಂತ ಚೆನ್ನಾಗಿರುತ್ತದೆ ಎಂದು ಭಾವ ಸಾಗಹಾಕುತ್ತಿದ್ದರು.

ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಬಲ್ಲೆನೆಂಬುದು ಅವರ ಹೆಮ್ಮೆ. ಅಕ್ಕ ಬಟ್ಟೆ ಹೊಲಿಯುವವಳು. ಅವಳ ಕೈಚೀಲದಲ್ಲಿ ಗುಂಡಿಗಳ ತಗಡಿನ ಡಬ್ಬಿ ಯಾವಾಗಲೂ ಇರುತ್ತದೆ. ಹಿಂದಿನ ಸೀಟಿನಲ್ಲಿದ್ದ ನಾನು ಅದನ್ನು ಮೆಲ್ಲಗೆ ತೆಗೆದು, ಕೆಳಗಿಟ್ಟು, ಕಾಲಿನಿಂದ ಅಲ್ಲಾಡಿಸಿದೆ.

"ಏನದು ಸದ್ದು?" ಎಂದರು ಭಾವ.

"ಯಾವ ಸದ್ದು?" ಎಂದೆ.

ಅವರು ಕಾರು ನಿಲ್ಲಿಸಿ ಬಾನೆಟ್ಟಿನೊಳಗೆ ತಲೆ ತೂರಿಸಿದರು. ಅಷ್ಟರಲ್ಲಿ ಅಕ್ಕ ಶಾಲು ಹೊದ್ದು, ನನ್ನತ್ತ ಕಣ್ಣು ಮಿಟುಕಿಸಿ, ಬಂಡೆಯ ತುದಿಗೆ ಹೋಗಿ ಕೂತು ಅಲೆ ನೋಡಿದಳು. ಆಮೇಲೆ ಕಣ್ಣಿಗೆ ಹಿಡಿಸಿದ ತಿರುವು ಬಂದಾಗಲೆಲ್ಲ ಕಾರಿಗೆ ಕಾಯಿಲೆ ಬಂತು.

ಐದನೆಯ ಸಲ ಭಾವ ಮುಖ ಸಪ್ಪಗೆ ಮಾಡಿಕೊಂಡು, ಕೆಲಸ ಕೆಟ್ಟಿತು, ಇಬ್ಬರೂ ಇಳಿದು ತಳ್ಳಬೇಕು ಎಂದರು. ಐವತ್ತು ದಾಟಿದ ನಾವಿಬ್ಬರೂ ಸೆರಗು ಬಿಗಿದು ತಳ್ಳಿದೆವು. ಆ ಚಳಿಯಲ್ಲೂ ಬೆವರು ಕಿತ್ತುಬಂತೇ ಹೊರತು ಕಾರು ಒಂದಿಂಚೂ ಕದಲಲಿಲ್ಲ. ಅಕ್ಕನಿಗೆ ಅನುಮಾನ ಬಂದು ಕಿಟಕಿಯೊಳಗೆ ಇಣುಕಿದಳು. ಭಾವ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದರು.

"ರೀ, ಬ್ರೇಕ್ ಮೇಲಿಂದ ಕಾಲು ತೆಗೀರಿ."

"ಮೊದ್ಲು ನಿನ್ನ ತಂಗಿ ಡಬ್ಬಿ ಮೇಲಿಂದ ಕಾಲು ತೆಗೀಲಿ."

ಎರಡನೆಯ ಸಲವೇ ಅವರಿಗೆ ಗೊತ್ತಾಗಿತ್ತಂತೆ. ಮತ್ತೆ ಯಾಕೆ ನಿಲ್ಲಿಸುತ್ತಾ ಬಂದಿರಿ ಎಂದು ಅಕ್ಕ ದಬಾಯಿಸಿದಳು. ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು.

"ಈ ರಸ್ತೇಲಿ ಎಷ್ಟು ಸಲ ಓಡಾಡಿದೀನೋ ಲೆಕ್ಕ ಇಲ್ಲ. ಹಿಂದೆ ಯಾರೋ ನರಳ್ತಾ ಇರೋವಾಗ ಸಮುದ್ರ ನೋಡೋಕಾಗುತ್ತಾ? ಈಗ್ಲೂ ಸುಮ್ನೆ ನಿಲ್ಸೋಕೆ ಒಂಥರಾ ಅನ್ಸುತ್ತೆ. ಕೆಟ್ಟಿದೆ ಅಂದ್ರೆ ನಿಲ್ಸಬಹುದು."

ಅಕ್ಕ ಬಾಗಿಲು ತೆಗೆದು, ಅವರನ್ನು ಪಕ್ಕದ ಸೀಟಿಗೆ ದಬ್ಬಿ, ತಾನೇ ಸ್ಟಿಯರಿಂಗ್ ಹಿಡಿದಳು. ಅವಳು ಓಡಿಸುವುದು ಎಮ್ಮೆ ನಡೆದ ಹಾಗೆ. ಹಿಂದೆ ಏಳೆಂಟು ಗಾಡಿಗಳು ಸಾಲುಗಟ್ಟಿ ಹಾರ್ನ್ ಬಾರಿಸಿದವು. ಭಾವ ತಿರುಗಿಯೂ ನೋಡಲಿಲ್ಲ. ಗಾಜು ಇಳಿಸಿ, ಕೊರೆಯುವ ಗಾಳಿಗೆ ಮುಖವೊಡ್ಡಿ, ದೂರದ ದೋಣಿಯೊಂದನ್ನು ನೋಡುತ್ತಿದ್ದರು. ಶೀತವಾಗುತ್ತದೆ, ಗಾಜು ಏರಿಸಿ ಎಂದು ಅಕ್ಕ ಗದರಿದಳು.

"ಆ ಕಡೆಯಿಂದ ಇನ್ನೊಂದು ದೋಣಿ ಬರ್ತಿದೆ ಕಣೇ," ಎಂದರು ಭಾವ, "ಸ್ವಲ್ಪ ನಿಧಾನಕ್ಕೆ ಹೋಗು."