ಮಿಷನ್ ಆರಿಸಿದವಳು

"ಮುಟ್ಬೇಡ ಅಂದ್ನಲ್ಲ, ಕಿವಿ ಕೇಳಲ್ವಾ? ಕೈಯಲ್ಲೇನು ಗ್ರೀಸೋ ಸಗಣಿಯೋ. ಹೊಸ ಮಾಲು ಅದು."

ಅಂಗಡಿಯವನ ಮಾತಿಗೆ ಗಿಡ್ಡಿ ಚಾಚಿದ್ದ ಕೈಯನ್ನು ಬಿಸಿ ತಗುಲಿದವಳಂತೆ ಹಿಂದಕ್ಕೆಳೆದುಕೊಂಡಳು. ಅಂಗಿಯ ತುದಿಗೆ ಒರೆಸಿಕೊಂಡಳು. ಗ್ರೀಸೂ ಅಲ್ಲ, ಸಗಣಿಯೂ ಅಲ್ಲ. ಹನ್ನೆರಡು ವರ್ಷದಿಂದ ಉಗುರಿನ ಸಂದಿಯಲ್ಲಿ ಕೂತು, ಯಾವ ಸೋಪಿಗೂ ಜಗ್ಗದ ಹುಲ್ಲಿನ ಹಸಿರು ಅದು.

"ಮುಟ್ಲಿ ಬಿಡಪ್ಪ," ಹಿಂದಿನಿಂದ ಯಜಮಾನ ಅಂದ. "ಇವತ್ತು ಆರಿಸೋದು ಅವಳೇ, ನಾನಲ್ಲ."

ಗಿಡ್ಡಿಗೆ ಅಂಗಡಿಯವನ ಬೈಗುಳಕ್ಕಿಂತ ಈ ಮಾತಿಗೇ ಹೆಚ್ಚು ಹೆದರಿಕೆಯಾಯಿತು.

ಯಜಮಾನನದು ಹುಲ್ಲು ಕತ್ತರಿಸುವ ವ್ಯಾಪಾರ. ಒಂದು ಲಾರಿ, ನಾಲ್ಕು ಮಿಷನ್ನು, ಏಳು ಜನ ಆಳು. ದೊಡ್ಡ ಮನೆಗಳ ಮುಂದಿನ ಹುಲ್ಲುಹಾಸನ್ನು ವಾರಕ್ಕೊಮ್ಮೆ ನುಣ್ಣಗೆ ಮಾಡಿ ಬರುವುದು ಕೆಲಸ. ಇಷ್ಟು ವರ್ಷದಲ್ಲಿ ಅವನು ಅವಳನ್ನು ಲಾರಿಯ ಹಿಂದೆ, ಹುಲ್ಲಿನ ಮೂಟೆಗಳ ಜೊತೆ ಕೂರಿಸಿದ್ದೇ ಹೊರತು ಮುಂದೆ ಕೂರಿಸಿದ್ದಿಲ್ಲ. ಇವತ್ತು ಬೆಳಿಗ್ಗೆ ತಾನೇ ಬಾಗಿಲು ತೆಗೆದು, "ಹತ್ತು, ಮಿಷನ್ ನೋಡ್ಕೊಂಡು ಬರೋಣ" ಅಂದಿದ್ದ. ದಾರಿಯುದ್ದಕ್ಕೂ ಅವಳು ಸೀಟಿನ ತುದಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು.

ಅಂಗಡಿಯವನು ನಗುತ್ತ ಎಲ್ಲಕ್ಕಿಂತ ದೊಡ್ಡ ಮಿಷನ್ನನ್ನು ತೆಗೆದು ಅವಳ ಹೆಗಲಿಗೆ ನೇತುಹಾಕಿದ. ಎಂಜಿನ್ನು ಬೆನ್ನ ಹಿಂದೆ ಜಗ್ಗಿತು, ಕೋಲಿನ ತುದಿಯಲ್ಲಿದ್ದ ಮಿಷನ್ನಿನ ತಲೆ ಗೋಡೆಗೆ ಬಡಿಯಿತು. "ನೋಡ್ರೋ, ಮಿಷನ್ನೇ ಇವಳನ್ನ ಎತ್ಕೊಂಡಿದೆ," ಅಂದ. ಅಂಗಡಿಯ ಹುಡುಗರೆಲ್ಲ ನಕ್ಕರು. ಯಜಮಾನನೂ ನಕ್ಕ.

ಗಿಡ್ಡಿ ನಗಲಿಲ್ಲ. ಮೈಮೇಲೆ ಭಾರ ಬಿದ್ದ ಕೂಡಲೇ ಅವಳ ಮೈ ಲೆಕ್ಕ ಹಾಕತೊಡಗಿತ್ತು. "ಇದರ ಕೋಲು ಉದ್ದ ಆಯ್ತು," ಅಂದಳು ಮೆಲ್ಲಗೆ. "ದಿನವಿಡೀ ಕೈ ಎತ್ತಿ ಹಿಡೀಬೇಕು. ಸಂಜೆಗೆ ತೋಳು ಕಳಚಿ ಬೀಳತ್ತೆ." ಎರಡನೆಯದು ಹಗುರ, ಕೋಲು ಬಾಗಿದ್ದು. ಅದನ್ನು ಒಂದು ಸಲ ಎತ್ತಿ ನೋಡಿ ಕೆಳಗಿಟ್ಟಳು. "ಇದು ಒಂದು ಮನೆಯೋರಿಗೆ ಸಾಕು. ನಾವು ದಿನಕ್ಕೆ ಹತ್ತು ಮನೆ ಮಾಡೋರು. ಬೇಲಿ ಪಕ್ಕದ ದಪ್ಪ ಹುಲ್ಲಿಗೆ ಇದು ಉಸಿರು ಬಿಡತ್ತೆ."

ಮೂರನೆಯದನ್ನು ಹಿಡಿದಾಗ ಅವಳ ಮುಖ ಬದಲಾಯಿತು. ಹಿಡಿಯನ್ನು ಕೋಲಿನ ಮೇಲೆ ತನಗೆ ಬೇಕಾದಲ್ಲಿಗೆ ಜರುಗಿಸಿಕೊಳ್ಳಬಹುದಿತ್ತು. ಪಟ್ಟಿ ಎರಡೂ ಹೆಗಲಿಗೆ ಬರುತ್ತಿತ್ತು. ಬೆರಳು ತೆಗೆದ ಕೂಡಲೇ ತಿರುಗುವುದು ನಿಲ್ಲುತ್ತದೆಂದು ಅಂಗಡಿಯವನು ಹೇಳಿದ. ಎಲ್ಲಕ್ಕಿಂತ ಹೆಚ್ಚಾಗಿ, ಹುಲ್ಲು ಕೊಯ್ಯುವ ನೈಲಾನ್ ದಾರ ತಿರುಗುವ ತಲೆಯ ಹಿಂದೆ, ಸಿಡಿದದ್ದನ್ನು ತಡೆಯಲು ಅಗಲವಾದ ಗಾರ್ಡ್ ಇತ್ತು. ಗಟ್ಟಿ ಪ್ಲಾಸ್ಟಿಕ್ಕು, ಸಣ್ಣ ಮೊರದಷ್ಟು. ಅವಳು ಕುಕ್ಕರುಗಾಲಲ್ಲಿ ಕೂತು ಅದರ ಮೇಲೆ ಬೆರಳಾಡಿಸಿದಳು, ಎಳೆಗೂಸಿನ ನೆತ್ತಿ ಮುಟ್ಟುವವಳ ಹಾಗೆ.

"ಇದಕ್ಕೆ ನೈಲಾನ್ ದಾರ ಬಿಟ್ಟು ತಂತಿ ಹಾಕಿದ್ರೆ?" ಕೇಳಿದಳು. ಯಾಕೆ ಕೇಳಿದೆನೆಂದು ಅವಳಿಗೇ ತಿಳಿಯಲಿಲ್ಲ.

"ತಂತಿನಾ? ಯಾವ ತಲೆಕೆಟ್ಟ ಬೋಳಿಮಗ ತಂತಿ ಹಾಕ್ತಾನೆ? ತುಂಡಾದ್ರೆ ಗುಂಡು ಹೋದ ಹಾಗೆ ಹೋಗತ್ತೆ. ಎದುರಿಗೆ ಯಾರಿದ್ರೂ ಮುಗೀತು."

ಯಜಮಾನ ತಲೆಯೆತ್ತಿ ಫ್ಯಾನು ನೋಡಿದ. ಆಮೇಲೆ ಜೇಬಿನಿಂದ ಫೋನು ತೆಗೆದು, "ಇದೇ ಅಲ್ವಾ ನಿನಗೆ ಹಿಡಿಸಿದ್ದು? ಪಕ್ಕದಲ್ಲಿ ನಿಂತ್ಕೋ. ಕೈ ಇಡು ಅದರ ಮೇಲೆ. ಹ್ಞಾಂ," ಅಂದು ಫೋಟೋ ಹೊಡೆದ. "ಸರಿ, ನಡಿ."

"ಮಿಷನ್ನು?"

"ಆಮೇಲೆ ನೋಡೋಣ."

ಅವಳು ಬಾಗಿಲಲ್ಲಿ ತಿರುಗಿ ನೋಡಿದಾಗ ಅಂಗಡಿಯವನು ಅದನ್ನು ಮತ್ತೆ ಮೊಳೆಗೆ ತಗುಲಿಸಿ, ಅವಳು ಹಿಡಿದಿದ್ದ ಜಾಗವನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ.

ಲಾರಿಯಲ್ಲಿ ಯಜಮಾನ ಒಂದು ಕಾಗದ, ಒಂದು ಪೆನ್ನು ಅವಳ ತೊಡೆಯ ಮೇಲಿಟ್ಟ. "ರಿಜಿಸ್ಟರಲ್ಲಿ ಗೀಚ್ತೀಯಲ್ಲ ದಿನಾ, ಹಾಗೇ ಕೆಳಗಡೆ ಗೀಚು. ಆಫೀಸು ಕಾಗದ."

ಅವಳಿಗೆ ಓದಲು ಬರುತ್ತಿತ್ತು. ನಿಧಾನ, ಆದರೆ ಬರುತ್ತಿತ್ತು. ಅದು ಯಜಮಾನನಿಗೆ ಗೊತ್ತಿರಲಿಲ್ಲ. ಯಾರೂ ಕೇಳಿದ್ದಿಲ್ಲ. ಸಿಗ್ನಲ್ಲಿನಲ್ಲಿ ಲಾರಿ ನಿಂತಾಗ ಅವಳು ಕಣ್ಣನ್ನು ಮಾತ್ರ ಆಡಿಸುತ್ತ, ತುಟಿ ಅಲುಗದಂತೆ ಓದಿದಳು. ಸದರಿ ಯಂತ್ರವನ್ನು ನಾನೇ ಆರಿಸಿಕೊಂಡಿರುತ್ತೇನೆ. ಯಜಮಾನರು ಬೇಡವೆಂದು ತಿಳಿಸಿದರೂ ಅದರ ಗಾರ್ಡನ್ನು ನಾನೇ ಬಿಚ್ಚಿ, ದಾರದ ಬದಲು ತಂತಿಯನ್ನು ನಾನೇ ಕಟ್ಟಿರುತ್ತೇನೆ. ಮುಂದೆ ಆಗುವ ಅನಾಹುತಕ್ಕೆ ನಾನೇ ಹೊಣೆ. ಕೆಳಗೆ ತಾರೀಖು ಎರಡು ತಿಂಗಳು ಹಿಂದಿನದು. ಅವಳ ನಾದಿನಿಯ ಕಣ್ಣು ಹೋಗಿ ಇನ್ನೂ ಐದು ವಾರವಷ್ಟೇ ಆಗಿತ್ತು.

ಲಾರಿ ಹೊರಟಿತು.

"ಕೈ ನಿಲ್ತಿಲ್ಲ ಓನರ್," ಅಂದಳು. "ಕುಲುಕಾಟಕ್ಕೆ ಸರಿಯಾಗಿ ಬರಲ್ಲ. ಬೆಳಿಗ್ಗೆ ಹಾಕ್ತೀನಿ."

ಅವನು ರಸ್ತೆ ಬಿಟ್ಟು ಅವಳನ್ನು ನೋಡಿದ. "ಅವತ್ತು ಮಿಷನ್ ಹಿಡಿದಿದ್ದೋರು ಯಾರು?"

"ನಾನೇ."

"ಅದನ್ನ ಮರೀಬೇಡ. ನಿನ್ನ ಕೈಯಲ್ಲಿದ್ದ ಮಿಷನ್ನು ಇನ್ನೊಬ್ಬಳ ಕಣ್ಣು ಕಿತ್ತಿದೆ. ಅದನ್ನ ನಾನು ಪೊಲೀಸಿಗೆ ಹೇಳಿಲ್ಲ. ಹೇಳಿದ್ರೆ ಒಳಗೆ ಹಾಕಿ ಕೊಳೆಸ್ತಾರೆ. ನಾಳೆ ಹತ್ತಕ್ಕೆ ಲೇಬರ್ ಆಫೀಸರ್ ಬರ್ತಾನೆ. ಅಷ್ಟರೊಳಗೆ ಹಾಕಿರು. ನಿನ್ನನ್ನ ಉಳಿಸೋಕೆ ಒದ್ದಾಡ್ತಿದೀನಿ ನಾನು, ಮುಂಡೇದೇ."

ಆಳುಗಳ ಕೋಣೆಗಳು ಮಿಷನ್ ಶೆಡ್ಡಿನ ಬೆನ್ನಿಗೇ ಇದ್ದವು. ನಡುವೆ ಒಂದು ತಗಡು ಅಷ್ಟೆ, ಅನ್ನಕ್ಕೂ ಹಾಸಿಗೆಗೂ ಪೆಟ್ರೋಲ್ ವಾಸನೆ. ಗಿಡ್ಡಿಯ ಗಂಡ ಯಾವುದೋ ಊರಿಗೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೂ ನಾದಿನಿ ಅವಳನ್ನು ಬಿಟ್ಟು ಹೋಗಿರಲಿಲ್ಲ. "ಅಣ್ಣ ಹೋದ್ರೆ ಹೋಗ್ಲಿ, ನಾನೇನು ಅವನ ಜೊತೆ ಬಂದಿದ್ನಾ" ಅಂದು ಅತ್ತಿಗೆಯ ಜೊತೆ ಕೆಲಸಕ್ಕೆ ಸೇರಿದವಳು. ಗಿಡ್ಡಿ ಕತ್ತರಿಸಿದ್ದನ್ನು ಗೋರುತ್ತ ಹದಿನೈದು ಹೆಜ್ಜೆ ಹಿಂದೆ ಬರುವುದು ಅವಳ ಕೆಲಸವಾಗಿತ್ತು.

ಕಣ್ಣು ಹೋದ ದಿನವೂ ಹದಿನೈದು ಹೆಜ್ಜೆ ಹಿಂದೆಯೇ ಇದ್ದಳು. ಟಣ್ ಎಂದು ಸದ್ದಾಯಿತು. ಕಲ್ಲಿಗೆ ತಗುಲಿತೆಂದುಕೊಂಡು ಗಿಡ್ಡಿ ಇನ್ನೂ ನಾಲ್ಕು ಹೆಜ್ಜೆ ಕತ್ತರಿಸಿದ್ದಳು. ಎಂಜಿನ್ನಿನ ಗದ್ದಲದಲ್ಲಿ ಹಿಂದಿನ ಕೂಗು ಕೇಳಿಸಿರಲಿಲ್ಲ. ಆ ನಾಲ್ಕು ಹೆಜ್ಜೆ ಅವಳನ್ನು ಈಗಲೂ ಕನಸಿನಿಂದ ಎಬ್ಬಿಸುತ್ತಿತ್ತು.

ಆ ರಾತ್ರಿ ನಾದಿನಿ ಕಾಗದವನ್ನು ಮುಟ್ಟಲಿಲ್ಲ. ಗಿಡ್ಡಿ ಓದಿ ಹೇಳಿದ್ದನ್ನು ಕೇಳಿ, ಬ್ಯಾಂಡೇಜಿನ ಅಂಚು ಕೆರೆದುಕೊಳ್ಳುತ್ತ ಕೂತಳು.

"ಹಾಕ್ಬಿಡು ಅತ್ತಿಗೆ."

"ನಿನ್ನ ಕಣ್ಣು ತೆಗೆದೋಳು ನಾನು ಅಂತ ಬರೆದಿದಾನೆ ಕಣೇ."

"ನೀನು ತಂತಿ ಬೇಡ ಅಂದಿದ್ದು ನಾನು ಕೇಳಿಲ್ವಾ? 'ದಾರ ಬೇಗ ಸವೆಯತ್ತೆ, ದಿನಾ ನಿಮ್ಮಪ್ಪ ತಂದ್ಕೊಡ್ತಾನಾ' ಅಂತ ಅವನು ಬೈದು, ತಾನೇ ಕೂತು ಸುತ್ತಿದ್ದು ನೋಡಿಲ್ವಾ? ಎರಡೂ ಕಣ್ಣಲ್ಲಿ ನೋಡಿದೀನಿ, ಆಗ ಎರಡಿತ್ತಲ್ಲ." ನಾದಿನಿ ನಕ್ಕಳು. ನಗು ನಡುವೆಯೇ ನಿಂತಿತು. "ಆದ್ರೂ ಹಾಕು. ನಿನ್ನನ್ನ ಹಿಡ್ಕೊಂಡು ಹೋದ್ರೆ ನಾನೇನು ಮಾಡ್ಲಿ? ಎಡಗಡೆಯಿಂದ ಬರೋ ಗಾಡಿ ನನಗೆ ಕಾಣಲ್ಲ. ರಸ್ತೆ ದಾಟೋಕೆ ನಿನ್ನ ಕೈ ಬೇಕು."

"ಹಾಕಿದ್ರೆ ನಿನಗೆ ಬರಬೇಕಾದ ಪರಿಹಾರ ಬರಲ್ಲ."

"ಹಾಕ್ದೆ ಇದ್ರೆ ಬರತ್ತಾ?"

ತಗಡಿನಾಚೆ ಯಾರೋ ನಡೆದ ಸದ್ದಾಯಿತು. ಇಬ್ಬರೂ ಬಾಯಿ ಮುಚ್ಚಿ, ಆ ಹೆಜ್ಜೆ ದೂರವಾಗುವವರೆಗೆ ಒಬ್ಬರನ್ನೊಬ್ಬರು ನೋಡುತ್ತ ಕೂತರು.

ಬೆಳಿಗ್ಗೆ ಆಫೀಸರ್ ಬಂದ. ಶೆಡ್ಡಿನ ಮುಂದೆ ಕುರ್ಚಿ, ಕುರ್ಚಿಯ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ತಣ್ಣಗಿನ ಜ್ಯೂಸು. ಆಳುಗಳೆಲ್ಲ ಗೋಡೆಗೆ ಸಾಲಾಗಿ ನಿಂತಿದ್ದರು. ಆಫೀಸರ್ ತೊಡೆಯ ಮೇಲೆ ಫೈಲು ಬಿಚ್ಚಿಟ್ಟುಕೊಂಡು ತಲೆಯೆತ್ತದೆ ಕೇಳಿದ, "ಯಾರು ಅವಳು?"

"ಇವಳೇ ಸಾರ್. ಹನ್ನೆರಡು ವರ್ಷದ ಅನುಭವ. ನಮ್ಮಲ್ಲಿ ಮಿಷನ್ ವಿಷಯ ಎಲ್ಲಾ ಇವಳದೇ ತೀರ್ಮಾನ, ನಾನು ತಲೆ ಹಾಕಲ್ಲ. ಯಾವುದು ಬೇಕು, ಯಾವುದು ಬೇಡ, ಇವಳು ಹೇಳಿದ್ದೇ. ನಿನ್ನೆನೂ ಹೊಸದನ್ನ ಇವಳೇ ಆರಿಸಿದ್ದು. ಫೋಟೋ ಇದೆ ನೋಡಿ."

ಆಫೀಸರ್ ಫೋಟೋ ನೋಡಿದ. "ಹೌದೇನಮ್ಮ?"

ಒಂದು ಕ್ಷಣ ಗಿಡ್ಡಿಗೆ ಎಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತೇನೋ ಅನ್ನಿಸಿತು.

"ಹೌದು ಸಾರ್," ಅಂದಳು. "ನನ್ನದೇ ತೀರ್ಮಾನ."

ಯಜಮಾನ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. "ಸಹಿ ಹಾಕು ಮತ್ತೆ," ಅಂದ, ಅಕ್ಕರೆಯಿಂದ.

"ಹಾಕ್ತೀನಿ. ಒಂದು ಕೆಲಸ ಇದೆ, ಮಾಡಿ ಬರ್ತೀನಿ."

ಅವಳು ಶೆಡ್ಡಿನೊಳಗೆ ಹೋಗಿ ಒಂದು ಮಿಷನ್ನನ್ನು ದರದರ ಎಳೆದು ತಂದಳು. ಅದಕ್ಕೆ ಗಾರ್ಡಿರಲಿಲ್ಲ. ತಲೆಯಿಂದ ಎರಡು ಕಡೆ ಗೇಣುದ್ದದ ಉಕ್ಕಿನ ತಂತಿ ಚಾಚಿಕೊಂಡಿತ್ತು, ತುದಿ ಹುಲ್ಲಿನ ರಸಕ್ಕೆ ಹಸಿರಾಗಿ. ನೆಲದ ಮೇಲೆ ಕೂತು, ಇಕ್ಕಳದಲ್ಲಿ ಆ ತಂತಿಯನ್ನು ಕಚ್ಚಿ ಹಿಡಿದು ಬುಡಕ್ಕೆ ಕತ್ತರಿಸಿದಳು. ತುಂಡು ಸಿಡಿದು ಆಫೀಸರನ ಬೂಟಿನ ಹತ್ತಿರ ಬಿತ್ತು. ಅವನು ಥಟ್ಟನೆ ಕಾಲು ಕುರ್ಚಿಯಡಿಗೆ ಎಳೆದುಕೊಂಡ.

"ಇದು ಬೇಡ," ಅಂದಳು ಗಿಡ್ಡಿ.

ಎದ್ದು ಎರಡನೆಯದನ್ನು ಎಳೆದು ತಂದಳು. "ಇದೂ ಬೇಡ."

"ಏಯ್, ಏನ್ ಮಾಡ್ತಿದೀಯ ಲೌಡಿ—" ಎಂದು ಮುನ್ನುಗ್ಗಿದ ಯಜಮಾನ ಆಫೀಸರನನ್ನು ನೋಡಿ ಉಳಿದದ್ದನ್ನು ನುಂಗಿಕೊಂಡ. ಅವಳು ಅವನ ಮುಖ ನೋಡುವ ಧೈರ್ಯ ಮಾಡಲಿಲ್ಲ. ಅವನ ಚಪ್ಪಲಿಯನ್ನು ನೋಡುತ್ತಲೇ ಹೇಳಿದಳು, "ಯಾವುದು ಬೇಕು, ಯಾವುದು ಬೇಡ, ನಾನು ಹೇಳಿದ್ದೇ ಅಂದ್ರಲ್ಲ ಓನರ್. ಈಗಷ್ಟೇ ಸಾರ್ ಮುಂದೆ ಅಂದ್ರಿ."

ಗೋಡೆಯ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ತಕ್ಷಣ ಕೆಮ್ಮಿ ಮುಚ್ಚಿಕೊಂಡರು.

ಮೂರನೆಯದೂ ಬಂತು. ಅವಳು ತಂತಿಯ ತುಂಡುಗಳನ್ನು ಆಯ್ದು ತಂದು ಆಫೀಸರನ ಫೈಲಿನ ಮೇಲಿಟ್ಟಳು. "ಬರ್ಕೊಳ್ಳಿ ಸಾರ್. ಕಣ್ಣು ಹೋಗಿ ಐದು ವಾರ ಆಯ್ತು. ನಿನ್ನೆ ಸಂಜೆವರೆಗೂ ಇದರಲ್ಲೇ ಹುಲ್ಲು ಕತ್ತರಿಸಿದೀವಿ. ಇವತ್ತಿನ ತಾರೀಖು ಹಾಕಿ ಬರ್ಕೊಳ್ಳಿ."

ಆಫೀಸರ್ ಪೆನ್ನೆತ್ತಲಿಲ್ಲ. ಫೈಲನ್ನು ಓರೆ ಮಾಡಿ ತುಂಡುಗಳನ್ನು ನೆಲಕ್ಕೆ ಉದುರಿಸಿದ. "ನನ್ನ ಕೆಲಸ ನೀನು ಕಲಿಸ್ಬೇಡಮ್ಮ. ಇದೆಲ್ಲ ನನಗೆ ಬೇಡ. ನನಗಿನ್ನೂ ಎರಡು ಕಡೆ ಹೋಗೋದಿದೆ. ಈ ಕಾಗದಕ್ಕೆ ಸಹಿ ಹಾಕ್ತೀಯೋ ಇಲ್ವೋ?"

"ಸಂಜೆಯೊಳಗೆ ರೂಮು ಖಾಲಿ ಮಾಡಿಸ್ತೀನಿ," ಯಜಮಾನ ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದ. "ಇಬ್ಬರನ್ನೂ. ಆ ಕುರುಡಿ ರಸ್ತೆಯಲ್ಲಿ ಸಾಯ್ತಾಳೆ, ನೋಡ್ಕೋ."

ಗಿಡ್ಡಿ ನಾದಿನಿಯ ಕಡೆ ನೋಡಿದಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ನಾದಿನಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಬೇಡ ಅನ್ನುತ್ತಿದ್ದಳೋ, ಹಾಕು ಅನ್ನುತ್ತಿದ್ದಳೋ, ತಿಳಿಯುವಂತಿರಲಿಲ್ಲ.

ಗಿಡ್ಡಿ ಕಾಗದ ತೆಗೆದುಕೊಂಡಳು. ಮಂಡಿಯ ಮೇಲಿಟ್ಟುಕೊಂಡು, ತಾರೀಖಿನ ಪಕ್ಕದಲ್ಲಿ ನಿಧಾನವಾಗಿ, ಒತ್ತಿ ಒತ್ತಿ ಬರೆದು ಕೊಟ್ಟಳು. ಆಫೀಸರ್ ನೋಡಿ ಯಜಮಾನನ ಕೈಗೆ ದಾಟಿಸಿದ. ಸಹಿಯ ಜಾಗದಲ್ಲಿ 'ಸುಳ್ಳು' ಎಂದಿತ್ತು. ಅಕ್ಷರ ಸೊಟ್ಟಗಿದ್ದರೂ ಒತ್ತು ಸರಿಯಾಗಿತ್ತು. ಯಜಮಾನ ಅದನ್ನು ಹಿಡಿದುಕೊಂಡು ಅವಳನ್ನು ಮೊದಲ ಸಲ ನೋಡುವವನಂತೆ ನೋಡಿದ.

ನಾಲ್ಕನೆಯ ಮಿಷನ್ನನ್ನು ಡ್ರೈವರ್ ಆಗಲೇ ಲಾರಿಗೆ ಹಾಕಿಯಾಗಿತ್ತು. ಹನ್ನೊಂದಕ್ಕೆ ಮೊದಲ ಮನೆ. ಗಿಡ್ಡಿ ಇಕ್ಕಳ ಹಿಡಿದು ಲಾರಿಯ ಕಡೆ ನೋಡಿದಳು. ಆಳುಗಳಲ್ಲೆಲ್ಲ ಹಿರಿಯ ಕೆಮ್ಮಜ್ಜ ಗೋಡೆ ಬಿಟ್ಟು ಹೊರಟ. ಯಾರ ಮುಖವನ್ನೂ ನೋಡದೆ, ಎರಡು ಕಡೆ ನಿಂತು ಕೆಮ್ಮಿ, ಲಾರಿ ಹತ್ತಿ ಮಿಷನ್ನನ್ನು ಕೆಳಗಿಳಿಸಿದ. ತಂದು ಅವಳೆದುರು ಹಾಕಿ ತಾನೂ ಕುಕ್ಕರಿಸಿದ.

ಡ್ರೈವರ್ ಹಾರ್ನ್ ಹೊಡೆದ. ಉಳಿದ ಆಳುಗಳು ಯಾರೂ ಲಾರಿಯ ಕಡೆ ಹೋಗಲಿಲ್ಲ. ಹಾಗೆಂದು ಯಾರೂ ಅವಳ ಹತ್ತಿರಕ್ಕೂ ಬರಲಿಲ್ಲ. ಯಜಮಾನ ಶೆಡ್ಡಿನ ಮೂಲೆಗೆ ಹೋಗಿ ಫೋನಿನಲ್ಲಿ ಯಾರಿಗೋ ಬೇಗ ಬನ್ನಿ ಅನ್ನುತ್ತಿದ್ದ.

ಗಿಡ್ಡಿಯ ಇಕ್ಕಳದ ಬಾಯಿಗೆ ತಂತಿ ಸಿಗುತ್ತಿರಲಿಲ್ಲ. ಎರಡು ಸಲ ಜಾರಿತು. ಅಜ್ಜ ಮಿಷನ್ನಿನ ತಲೆಯನ್ನು ಅಲುಗಾಡದಂತೆ ಎರಡು ಅಂಗೈಯಲ್ಲಿ ಒತ್ತಿ ಹಿಡಿದ.

"ನಿಧಾನಕ್ಕೆ," ಅಂದ. "ಹಿಡ್ಕೊಂಡಿದೀನಿ."

ಡ್ರೈವರ್ ಮತ್ತೆ ಹಾರ್ನ್ ಒತ್ತಿದ, ಈ ಸಲ ಕೈ ತೆಗೆಯಲೇ ಇಲ್ಲ.