ಕಾಶಿಯಲ್ಲಿ ಬಿಟ್ಟ ಹಾಗಲಕಾಯಿ

ಕೊಟ್ರಬಸಪ್ಪನವರು ಶಿವಮೊಗ್ಗದಲ್ಲಿ ಜೀವಮಾನವೆಲ್ಲ ಅಡಿಕೆ ವ್ಯಾಪಾರ ಮಾಡಿ, ಮಂಡಿಯನ್ನು ತಮ್ಮನಿಗೆ ಒಪ್ಪಿಸಿ, ಉಳಿದ ಆಯುಸ್ಸನ್ನು ದೇಶದ ಚಿಂತೆಗೆ ಮೀಸಲಿಟ್ಟವರು. "ನಮ್ಮ ಜನಾನೇ ಹಿಂಗೆ" ಎಂದು ಶುರು ಮಾಡಿದರೆಂದರೆ, ಬಾಯೊಳಗಿನ ಎಲೆ, ಅಡಿಕೆ, ಹೊಗೆಸೊಪ್ಪು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟುವವರೆಗೂ ನಿಲ್ಲಿಸುತ್ತಿರಲಿಲ್ಲ. ದಾಟಿದ ಮೇಲೆ ಎದ್ದು ಹೋಗಿ, ಕಾಂಪೌಂಡಿನಾಚೆ ಪಿಚಕ್ಕನೆ ಉಗಿದು ಬಂದು, "ರಸ್ತೆ ಎಷ್ಟು ಹೊಲಸು ಮಾಡಿದಾರೆ ನೋಡು" ಎಂದು ಮುಂದುವರಿಸುವರು.

ಹೆಂಡತಿ ದಾಕ್ಷಾಯಣಮ್ಮ ಕೇಳುವ ಜೀವ. ಅಜ್ಜನ ಮಡಿಲಲ್ಲಿ ಕೂತು ಪುರಾಣದ ಪದ್ಯ ಕೇಳುತ್ತ ಬೆಳೆದವರು. ಪದ್ಯ ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರಬೇಕು, ಆಗಲೇ ಅರ್ಥ ಒಳಗಿಳಿಯೋದು ಎಂದು ಅಜ್ಜ ಹೇಳಿದ್ದನ್ನು ಸಂಸಾರಕ್ಕೂ ಹಚ್ಚಿಕೊಂಡವರು. ಆದರೆ ಹಲ್ಲಿನ ಡಾಕ್ಟರು ಗಂಡನ ಬಾಯಿಗೆ ಟಾರ್ಚು ಬಿಟ್ಟು, "ಇಲ್ಲೊಂದು ಬಿಳಿ ಮಚ್ಚೆ ಇದೆ. ಈಗ್ಲೇ ಹೊಗೆಸೊಪ್ಪು ಬಿಡಿ, ಆಮೇಲೆ ನನ್ನ ಕೇಳ್ಬೇಡಿ" ಎಂದ ದಿನದಿಂದ ಆ ಮೌನದೊಳಗೆ ಒಂದು ಭಯ ಬಂದು ಕೂತಿತ್ತು.

"ಕಾಶಿಗೆ ಹೋಗಿ ಬರೋಣ ರೀ" ಎಂದರು.

ಕಾಶಿಗೆ ಹೋದವರು ಗಂಗೆಯಲ್ಲಿ ಮುಳುಗಿ, ತಮಗೆ ಪ್ರೀತಿಯಾದದ್ದೊಂದನ್ನು ವಿಶ್ವನಾಥನಿಗೆ ಬಿಟ್ಟು ಬರುವುದು ವಾಡಿಕೆ. ಬಿಟ್ಟದ್ದನ್ನು ಮತ್ತೆ ಮುಟ್ಟುವಂತಿಲ್ಲ. ಡಾಕ್ಟರಿಗೆ ಬಗ್ಗದ ಗಂಡ ದೇವರಿಗಾದರೂ ಬಗ್ಗಿಯಾರು ಎಂಬುದು ದಾಕ್ಷಾಯಣಮ್ಮನ ಆಸೆ.

ಕೊಟ್ರಬಸಪ್ಪನವರು ರೈಲಿನ ಕಿಟಕಿಯಿಂದ ದೇಶವನ್ನೆಲ್ಲ ನೋಡಿ, ನಮ್ಮ ಜನಕ್ಕೆ ಶಿಸ್ತೇ ಇಲ್ಲವೆಂದು ತೀರ್ಮಾನಿಸಿ, ಗಂಗೆಯಲ್ಲಿ ಮೂಗು ಹಿಡಿದು ಮುಳುಗಿ ಎದ್ದು ಗಟ್ಟಿಯಾಗಿ ಹೇಳಿದರು: "ಸ್ವಾಮೀ ವಿಶ್ವನಾಥ, ಇವತ್ತಿನಿಂದ ಹಾಗಲಕಾಯಿ ಬಿಟ್ಟೆ!"

ಪಕ್ಕದಲ್ಲಿ ಮುಳುಗಿದ್ದ ದಾಕ್ಷಾಯಣಮ್ಮನ ಬಾಯಿಗೆ ಗಂಗೆಯೇ ನುಗ್ಗಿತು. ಮದುವೆಯಾದ ಹೊಸದರಲ್ಲಿ ಪಲ್ಯ ಮಾಡಿದ್ದಕ್ಕೆ, "ಕಹಿ ತಿನ್ನೋಕೆ ನಾನೇನು ಜ್ವರ ಬಂದೋನಾ?" ಎಂದು ಗಂಡ ಮುಟ್ಟದೆ ತಟ್ಟೆ ಸರಿಸಿದ ಮೇಲೆ ಹಾಗಲಕಾಯಿ ಆ ಮನೆಯ ಹೊಸಿಲು ತುಳಿದಿರಲಿಲ್ಲ. ದಾಕ್ಷಾಯಣಮ್ಮ ಇನ್ನೊಮ್ಮೆ ಮುಳುಗಿ, ತುಟಿಯಲ್ಲೇ ಏನನ್ನೋ ಬಿಟ್ಟು ಎದ್ದರು.

ಅದೇನೆಂದು ಊರಿಗೆ ಬಂದ ಮೇಲೆ ಗೊತ್ತಾಯಿತು. ಊಟವಾದ ಮೇಲೆ ಕೊಟ್ರಬಸಪ್ಪನವರು ಎಂದಿನಂತೆ ಹೆಂಡತಿಯ ಮುಂದೆ ಅಂಗೈ ಚಾಚಿದರು. ತೊಟ್ಟು ಮುರಿದು, ಹದವಾಗಿ ಸುಣ್ಣ ಸವರಿ, ಎಲೆ ಮಡಿಚಿ ಆ ಅಂಗೈ ಮೇಲಿಡುವುದೇ ದಾಕ್ಷಾಯಣಮ್ಮನಿಗೆ ದಿನದ ಸಂತೋಷದ ಗಳಿಗೆ.

"ಕಾಶೀಲಿ ಬಿಟ್ಟೆ ರೀ."

"ಏನನ್ನ?"

"ಎಲೆ ಮಡಿಚೋದನ್ನ."

"ತಿನ್ನೋದನ್ನ ಬಿಡ್ತಾರೆ ಮಾರಾಯ್ತಿ, ಮಾಡೋದನ್ನ ಯಾರು ಬಿಡ್ತಾರೆ?"

"ಪ್ರೀತಿದು ಬಿಡ್ಬೇಕಂತೆ. ನಂಗೆ ಅದೇ ಪ್ರೀತಿ."

ಕೊಟ್ರಬಸಪ್ಪನವರು ತಾವೇ ಮಡಿಚಿಕೊಂಡರು. ಸುಣ್ಣ ಹೆಚ್ಚಾಗಿ ನಾಲಿಗೆ ಬೆಂದಿತು. ಬೆಂದ ನಾಲಿಗೆಯಲ್ಲೂ ದೇಶದ ಚಿಂತೆ ನಡೆಯಿತು.

ಮುಂದಿನ ಸೋಮವಾರ ಗಂಗೆಯ ಗಿಂಡಿ ಕೊಡಲು ಭದ್ರಾವತಿಯ ಮಗಳು ಸುಮನಾಳ ಮನೆಗೆ ಹೊರಟರು. ಬಸ್ಸಿನ ಕಿಟಕಿಯಿಂದ ಉಗಿದು, ದಾರಿಯ ಮಾಚೇನಹಳ್ಳಿಗೊಂದು ಕೆಂಪು ಗುರುತು ಹಾಕಿದ್ದಾಯಿತು. ಊಟಕ್ಕೆ ಕೂತಾಗ ಸುಮನಾಳ ಅತ್ತೆ ಶೇಷಮ್ಮ ಹಾಗಲಕಾಯಿ ಗೊಜ್ಜು ತಂದರು. ಕೊಟ್ರಬಸಪ್ಪನವರು ತಟ್ಟೆಗೆ ಕೈ ಅಡ್ಡ ಹಿಡಿದರು.

"ಬೇಡಿ ಶೇಷಮ್ಮನೋರೇ. ಕಾಶೀಲಿ ಬಿಟ್ಟು ಬಂದಿದೀನಿ."

ಶೇಷಮ್ಮ ಸೌಟು ಹಿಡಿದೇ ಕೈ ಮುಗಿದರು. "ಶಿವನೇ! ಅಷ್ಟು ಪ್ರೀತಿದನ್ನ ಬಿಟ್ರಾ? ನಮ್ಮೋರು ಕಾಫಿ ಬಿಟ್ಟಿದ್ರು. ಸಾಯೋತನಕ, ಡಿಕಾಕ್ಷನ್ ವಾಸನೆ ಬಂದ್ರೆ ಎದ್ದು ಹಿತ್ತಲಿಗೆ ಹೋಗೋರು."

ಹೊಗಳಿಕೆ ನೆತ್ತಿಗೇರಿತು. "ನಮ್ಮ ಜನಾನೇ ಹಿಂಗೆ ನೋಡಿ, ದೇವರ ಹತ್ರಾನೂ ಚೌಕಾಸಿ! ಹುಳುಕು ಅಡಿಕೆ ಪೂಜೆಗೆ, ಒಳ್ಳೇದು ಬಾಯಿಗೆ. ತಮಗೆ ಬೇಡದ್ದು ಕೊಟ್ಟು ಬೇಕಾದ್ದು ಕೇಳ್ತಾರೆ. ದೇಶ ಉದ್ಧಾರ ಆಗೋದು ಹೆಂಗೆ?"

"ನಿಜ ಬೀಗರೇ. ದಾಕ್ಷಾಯಣಮ್ಮಾ, ನಿಮ್ಮನೇಲಿ ಹಂಗಾರೆ ಹಾಗಲಕಾಯಿ ತಪ್ತಾನೇ ಇರ್ಲಿಲ್ವೇನೋ?"

ದಾಕ್ಷಾಯಣಮ್ಮನ ತುತ್ತು ಕೈಯಲ್ಲೇ ನಿಂತಿತು. ಬೀಗರ ಮನೆ, ಗಂಡನ ಮರ್ಯಾದೆ. ಅತ್ತ ನೋಡಿದರೆ ಆ ಬಿಳಿ ಮಚ್ಚೆ. ಅಜ್ಜನ ಪದ್ಯಗಳಲ್ಲಿ ನಿಜ ಹೇಳಿದವಳು ಪಡಬಾರದ ಕಷ್ಟ ಪಡುತ್ತಿದ್ದಳು, ಆದರೆ ಕೊನೆಗೆ ಶಿವ ಬಂದೇ ಬರುತ್ತಿದ್ದ.

"ಇವರು ಹಾಗಲಕಾಯಿ ತಿಂದಿದ್ದೇ ಇಲ್ಲ" ಎಂದುಬಿಟ್ಟರು.

ಸುಮನಾಳಿಗೆ ಸಾರು ನೆತ್ತಿಗೆ ಹತ್ತಿತು. "ಅಪ್ಪಾಜಿ! ವಿಶ್ವನಾಥಂಗೇ ಟೋಪಿನಾ?"

ಶೇಷಮ್ಮ ಮಾತ್ರ ನಗಲಿಲ್ಲ. "ಹಿಡಿದಿದ್ದನ್ನ ಬಿಡ್ಬೋದು. ಹಿಡೀದೇ ಇದ್ದದ್ದನ್ನ ಬಿಡೋದು ಹೆಂಗೆ ಬೀಗರೇ? ನೀವಿನ್ನೂ ಏನೂ ಬಿಟ್ಟಿಲ್ಲ. ಪಾಪ, ಅವನು ಅಲ್ಲಿ ಅಂಗೈ ಚಾಚ್ಕೊಂಡೇ ನಿಂತಿದಾನೆ." ಹಾಗೆಂದು ಸೌಟಿನ ತುಂಬ ಗೊಜ್ಜು ಬಡಿಸಿದರು.

ಕೊಟ್ರಬಸಪ್ಪನವರು ಕಾಪಾಡೆಂಬಂತೆ ಹೆಂಡತಿಯ ಕಡೆ ತಿರುಗಿದರು. ಅಲ್ಲಿ ಕಣ್ಣೀರು.

"ಯಾಕೆ, ಏನಾಯ್ತೇ?"

"ಡಾಕ್ಟ್ರು ಹೇಳಿದ್ದು ನೆನಪಾಯ್ತು."

ಕೊಟ್ರಬಸಪ್ಪನವರು ಮುಖ ಹಿಂಡಿ, ಕಣ್ಣು ಮುಚ್ಚಿ, ಗೊಜ್ಜನ್ನು ಪೂರ್ತಿ ತಿಂದರು. ಕೈ ತೊಳೆದು, ಜೇಬಿನ ಹೊಗೆಸೊಪ್ಪಿನ ಪೊಟ್ಟಣ ತೆಗೆದು, "ಬಾ, ಇದನ್ನ ಹೊಳೆಗೆ ಬಿಟ್ಟೇ ಊರಿಗೆ ಹೋಗೋಣ" ಎಂದರು.

ಭದ್ರಾ ಸೇತುವೆಯ ಮೇಲೆ ನಿಂತು, "ವಿಶ್ವನಾಥ, ಈ ಸಲ ನಿಜ" ಎಂದು ಕೈ ಎತ್ತಿದರು. ದಾಕ್ಷಾಯಣಮ್ಮ ಆ ಕೈ ಹಿಡಿದುಕೊಂಡರು.

"ನಮ್ಮ ಜನಾನೇ ಹಿಂಗೆ ರೀ. ಬೇಡದ್ದನ್ನೆಲ್ಲ ಹೊಳೆಗೇ ಎಸೀತಾರೆ."

ಎತ್ತಿದ ಕೈ ಇಳಿಯಿತು. ಸುತ್ತ ಕಸದ ಡಬ್ಬಿಯೂ ಕಾಣಲಿಲ್ಲ. ಪೊಟ್ಟಣ ದಾಕ್ಷಾಯಣಮ್ಮನ ಬ್ಯಾಗು ಸೇರಿ ಬಸ್ಸು ಹತ್ತಿತು. ಮಲವಗೊಪ್ಪ ಬರುವಷ್ಟರಲ್ಲಿ ಕೊಟ್ರಬಸಪ್ಪನವರು ಬ್ಯಾಗಿನ ಕಡೆಗೇ ವಾಲಿದ್ದರು.

"ವಾಸನೆ ಒಂದ್ಸಲ ನೋಡಿ ಕೊಟ್ಬಿಡ್ತೀನಿ."

"ಶೇಷಮ್ಮನೋರಿಗೆ ಫೋನ್ ಮಾಡ್ಲಾ?"

ಅವರು ಕಿಟಕಿಯ ಕಡೆ ತಿರುಗಿದರು.

ಮನೆಗೆ ಬಂದವರೇ ದಾಕ್ಷಾಯಣಮ್ಮ ಹೊಗೆಸೊಪ್ಪನ್ನೆಲ್ಲ ಬಕೆಟ್ ನೀರಿಗೆ ಸುರಿದು ನೆನೆಹಾಕಿದರು.

"ಇದೇನೇ ಕಷಾಯ?"

"ಹುಳಕ್ಕೆ ಹೊಡಿಯೋಕೆ. ಶೇಷಮ್ಮನೋರು ಒಂದು ಸಸಿ ಕೊಟ್ಟಿದಾರೆ. ಎಲೆಗೆ ಆಗ್ಲೇ ಹುಳ ಹತ್ತಿದೆ."

"ಎಂಥ ಸಸಿ?"

"ಹಾಗಲಕಾಯಿದು. ಇನ್ನು ನೀವು ತಿನ್ಬೋದಲ್ಲ."

ಕೊಟ್ರಬಸಪ್ಪನವರು, "ನಮ್ಮ ಜನಾನೇ..." ಎಂದು ಬಾಯಿ ತೆರೆದರು. ಕೆನ್ನೆಯಿಂದ ಕೆನ್ನೆಗೆ ದಾಟಿಸಲು ಬಾಯಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, "ಗುಂಡಿ ಎಲ್ಲಿ ತೋಡ್ಲಿ ಹೇಳು" ಎಂದರು.