ಆರ್‌ಸಿಯಲ್ಲಿ ಇಲ್ಲದ ಹೆಸರು

ಆ ಸೋಮವಾರ ಬೆಳಿಗ್ಗೆ ಶಶಿರೇಖಾ ಹಳೆಯ ಬನಿಯನ್ ಬಟ್ಟೆಯಿಂದ ನನ್ನನ್ನು ಒರೆಸುತ್ತಿದ್ದಳು. ಒಂದು ಕನ್ನಡಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಗೇಟು ಸದ್ದಾಯಿತು. ಬಂದವನು ಅವಳ ಮೈದುನ ನಿರಂಜನ. ಅವನ ಬೆರಳಿನಲ್ಲಿ ನನ್ನ ಎರಡನೇ ಬೀಗದಕೈ ತಿರುಗುತ್ತಿತ್ತು.

"ಅತ್ತಿಗೆ, ಅಣ್ಣ ಗಾಡಿ ತಗೊಂಡ್ ಬಾ ಅಂದ."

"ಮಗೂನ ಸ್ಕೂಲಿಗೆ ಬಿಟ್ಟು ಬರ್ತೀನಿ. ಅರ್ಧ ಗಂಟೆ ತಡಿ."

"ನಂಗೂ ಕೆಲ್ಸ ಇದೆ ಅತ್ತಿಗೆ. ಆರ್‌ಸಿ ಅಣ್ಣನ ಹೆಸರಲ್ಲಿದೆ. ನಾನೇನು ಕದ್ಕೊಂಡ್ ಹೋಗ್ತಿಲ್ವಲ್ಲ!"

ಏಳು ವರ್ಷದ ಇಂಚರ ಆಗಲೇ ಬ್ಯಾಗು ಹಾಕಿಕೊಂಡು ನನ್ನ ಮುಂಭಾಗದಲ್ಲಿ ಹತ್ತಿ ನಿಂತಿದ್ದಳು. ಏನೋ ಕೇಳಲು ಬಾಯಿ ತೆರೆದಳು. "ಈಗ ಬೇಡ ಪುಟ್ಟಿ, ದೊಡ್ಡೋರ ವಿಷಯ" ಎಂದು ತಾಯಿ ಅವಳ ಬಾಯಿಗೆ ಕೈ ಅಡ್ಡ ಹಿಡಿದು, ಎತ್ತಿ ಕೆಳಗಿಳಿಸಿದಳು. ನಿರಂಜನ ಅರ್ಧ ಒರೆಸಿದ ನನ್ನನ್ನು ಓಡಿಸಿಕೊಂಡು ಹೊರಟ. ಉಳಿದ ಕನ್ನಡಿಯ ಧೂಳಿನಲ್ಲಿ ತಾಯಿ ಮಗಳು ಚಿಕ್ಕವರಾಗುತ್ತಾ ಹೋದರು.

ನಾನು ಒಂದು ಸ್ಕೂಟರ್. ಬಣ್ಣ ನೀಲಿ. ಕಬ್ಬಿಣಕ್ಕೆ ಸಿಟ್ಟು ಬರುವುದಿಲ್ಲ ಎಂದು ನೀವು ತಿಳಿದಿರಬಹುದು. ನನ್ನ ಕಥೆ ಕೇಳಿ, ಆಮೇಲೆ ಹೇಳಿ.

ದೊಡ್ಡ ಕಾರ್ಖಾನೆಯೊಂದರಲ್ಲಿ ಹುಟ್ಟಿ, ಲಾರಿಯಲ್ಲಿ ತುಮಕೂರಿಗೆ ಬಂದೆ. ಶೋರೂಮಿನಲ್ಲಿ ಹದಿನೈದು ದಿನ ನಿಂತಿದ್ದೆ. ಬಂದವರೆಲ್ಲ ನನ್ನ ಟೈರು ಒದ್ದು ನೋಡಿದರು. ಶಶಿರೇಖಾ ಒಬ್ಬಳೇ ಬಗ್ಗಿ, "ಮಗು ಮುಂದೆ ನಿಂತ್ಕೊಂಡ್ರೆ ಕಾಲಿಗೆ ಬಿಸಿ ತಾಗಲ್ವಾ?" ಎಂದು ಕೇಳಿದಳು. ನಾನು ಅಂದೇ ಅವಳವನಾದೆ.

ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದವಳು. ಮುಂಗಡದ ಹಣ ಅವಳ ಚೀಟಿಯದು. ಕಾಗದ ಬರೆಯುವವನು, "ಯಜಮಾನ್ರ ಹೆಸರಿಗೇ ಮಾಡ್ಲಾ ಮೇಡಂ?" ಎಂದ. ಎಲ್ಲರೂ ಹಾಗೆಯೇ ಮಾಡಿಸುತ್ತಾರಂತೆ. ಅವಳು ಪಕ್ಕದಲ್ಲಿದ್ದ ಗಂಡ ಓಂಕಾರಮೂರ್ತಿಯತ್ತ ನೋಡಿ ನಕ್ಕು, "ಹೂಂ, ಇವ್ರ ಹೆಸರಿಗೇ ಬರೀರಿ" ಎಂದಳು. ಆರ್‌ಸಿ ಅವನದು, ಸಾಲದ ಕಾಗದ ಅವನದು. ಅವಳ ಸಹಿ ಬಿದ್ದದ್ದು ಜಾಮೀನಿನ ಜಾಗದಲ್ಲಿ. ಕಂತು ಮಾತ್ರ ಪ್ರತಿ ತಿಂಗಳೂ ಅವಳ ಸಂಬಳದ ಖಾತೆಯಿಂದಲೇ ಹೋಗುತ್ತಿತ್ತು. ಆ ನಗುವನ್ನು ನೆನೆದರೆ ಇಂದಿಗೂ ನನ್ನ ಎಂಜಿನ್ನು ಕಾಯುತ್ತದೆ.

ಎರಡು ವರ್ಷ ನಾವು ಚೆನ್ನಾಗಿದ್ದೆವು. ಬೆಳಿಗ್ಗೆ ಆರಕ್ಕೆ ಮನೆಮನೆಗೆ ಹೋಗಿ ರಕ್ತದ ಮಾದರಿ ತರುವ ಪಾಳಿ ನನ್ನಿಂದಾಗಿ ಅವಳಿಗೆ ಸಿಕ್ಕಿತು. ಅದಕ್ಕೆ ಸಂಬಳದ ಮೇಲೆ ಎರಡೂವರೆ ಸಾವಿರ. ಆದರೆ ಮನೆಯೊಳಗಿನ ಸದ್ದು ಹೊರಗೆ ನಿಂತ ನನಗೂ ಕೇಳುತ್ತಿತ್ತು. ಗಂಡ ಎರಡನೇ ಸಲ ಕೈ ಮಾಡಿದ ದಿನ ಅವಳು ಅವನನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದಳು. ವಿಚ್ಛೇದನಕ್ಕೂ ಜೀವನಾಂಶಕ್ಕೂ ಅರ್ಜಿ ಹಾಕಿದಳು. ಮರುವಾರವೇ ಓಂಕಾರ ತಮ್ಮನನ್ನು ಕಳಿಸಿ ನನ್ನನ್ನು ಒಯ್ಯಿಸಿಕೊಂಡ.

ಅವನ ತಾಯಿಯ ಮನೆಯ ಮುಂದೆ ನಾನು ಬಿಸಿಲಿಗೆ ಒಣಗಿದೆ. ಅವನಿಗೆ ನನ್ನಿಂದ ಕೆಲಸವೇನೂ ಇರಲಿಲ್ಲ, ಅವನದೊಂದು ಬೈಕಿತ್ತು. ನಾನು ಅವಳ ಬಳಿ ಇರಬಾರದು, ಅಷ್ಟೇ. ನ್ಯಾಯಾಲಯಕ್ಕೆ ಮಾತ್ರ ಬೇಕೆಂದೇ ನನ್ನ ಮೇಲೆ ಬರುತ್ತಿದ್ದ.

ಅಲ್ಲಿ ಹೊಂಗೆಮರದ ಕೆಳಗೆ ನನ್ನನ್ನು ನಿಲ್ಲಿಸಿದಾಗ ಶಶಿರೇಖಾ ಹತ್ತಿರ ಬಂದು ನಿಲ್ಲುತ್ತಿದ್ದಳು. ಮುಟ್ಟುತ್ತಿರಲಿಲ್ಲ. ಅವಳ ಪರ ವಕೀಲೆ ಜುಬೇದಾ ಮೇಡಂ ಒಮ್ಮೆ ನನ್ನ ಸೀಟಿನ ಮೇಲೆಯೇ ಫೈಲು ಬಿಚ್ಚಿದರು.

"ನಿನ್ ಗಂಡ ಕೊಟ್ಟಿರೋ ಉತ್ತರ ನೋಡಮ್ಮ. ಮೂರನೇ ಪುಟದಲ್ಲಿ, ಗಾಡಿ ತನ್ನ ಸ್ವಂತ ದುಡ್ಡಿಂದು, ನಿನ್ ಕೈಲಿ ಕಾಸೇ ಇರ್ಲಿಲ್ಲ ಅಂತಾನೆ. ಏಳನೇ ಪುಟಕ್ಕೆ ಬಂದ್ರೆ ನೀನು ಕೈತುಂಬ ದುಡೀತೀಯ, ಜೀವನಾಂಶ ಯಾಕೆ ಅಂತಾನೆ. ನಾಕು ಪುಟದಲ್ಲಿ ನಿಂಗೆ ಲಾಟರಿ ಹೊಡೀತಾ?"

ಶಶಿರೇಖಾ ನಗಲಿಲ್ಲ. "ಮೇಡಂ, ಆರು ಗಂಟೆ ಪಾಳಿ ಹೋಯ್ತು. ಕಂತು ಈಗ್ಲೂ ನನ್ ಖಾತೆಯಿಂದ್ಲೇ ಹೋಗ್ತಿದೆ. ನಿಲ್ಸಿಬಿಡ್ಲಾ?"

"ನಿಲ್ಸಿದ್ರೆ ಬ್ಯಾಂಕಿನೋರು ಜಾಮೀನು ಅಂತ ನಿನ್ನನ್ನೇ ಹಿಡೀತಾರೆ. ಕಟ್ತಾ ಇರು. ಮೊದಲ ತಿಂಗಳಿಂದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸು. ಚೀಟಿಯೋರ ಹತ್ರ ರಸೀದಿ ತಗೋ. ಹೆಸರು ಅವನದಿದ್ರೂ ದುಡ್ಡು ಯಾರ್ದು ಅಂತ ನಾವು ತೋರಿಸ್ಬೇಕು."

ನಾವು ತೋರಿಸಬೇಕಂತೆ! ಅವಳ ಬೆವರಿನಲ್ಲಿ ಓಡಿದ ನಾನು ಎದುರಿಗೇ ನಿಂತಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ. ಹಾರ್ನು ಒತ್ತುವವರಿಲ್ಲದೆ ನನಗೆ ಬಾಯಿಲ್ಲ.

ಮೊನ್ನೆ ರಾಜಿ ಮಾತುಕತೆಗೆ ಕರೆದಿದ್ದರು. ಮಗುವನ್ನೂ ಕರೆತರಲು ಹೇಳಿದ್ದರು. ಒಂದು ಗಂಟೆ ಮಾತಾಡಿ ಮುಂದಿನ ತಾರೀಕು ಕೊಟ್ಟರು. ಓಂಕಾರ ಹೊರಗೆ ಬಂದು, ಬಸ್ಸಿಗೆ ಹೊರಟಿದ್ದ ತಾಯಿ ಮಗಳನ್ನು ನೋಡಿ ನನ್ನ ಸೀಟು ತಟ್ಟಿದ.

"ಬಾ ಪುಟ್ಟಿ, ಒಂದ್ ರೌಂಡ್ ಹೋಗಣ. ನೋಡು, ನಿಮ್ಮಮ್ಮ ಕೇಸ್ ವಾಪಸ್ ತಗೊಂಡ್ರೆ ನಾಳೆನೇ ಗಾಡಿ ಮನೆಗೆ ಬರುತ್ತೆ. ನಾನೇ ದಾನ ಮಾಡ್ತೀನಿ."

ಹೊಂಗೆಯ ನೆರಳಿನಲ್ಲಿದ್ದ ನಾಲ್ಕಾರು ಮಂದಿ ತಿರುಗಿ ನೋಡಿದರು. ಇಂಚರ ಏನೋ ಹೇಳಲು ಹೊರಟಳು. ಶಶಿರೇಖಾಳ ಕೈ ಎಂದಿನಂತೆ ಮಗಳ ಬಾಯಿಯತ್ತ ಏರಿತು. ಅರ್ಧದಲ್ಲೇ ನಿಂತಿತು. ನಿಧಾನವಾಗಿ ಇಳಿದು ಮಗುವಿನ ಹೆಗಲ ಮೇಲೆ ಕೂತಿತು.

ಇಂಚರ ನನ್ನನ್ನು ಹತ್ತಲಿಲ್ಲ. ತಂದೆಯ ಮುಖ ನೋಡಿ ಗಟ್ಟಿಯಾಗಿ ಕೇಳಿದಳು:

"ಅಪ್ಪಾ, ದುಡ್ಡೆಲ್ಲ ಅಮ್ಮ ಕಟ್ತಿದ್ರೆ ಗಾಡಿ ನಿಂದು ಹೆಂಗಾಗುತ್ತೆ?"